ಇಸಿಜಿ ನಾರ್ಮಲ್ ಅಂದಿದ್ರಲ್ಲ ಮಿಸ್? – ಹೃದಯ ಪರೀಕ್ಷೆಗಳ ಒಂದು ಪಾಠ, ಮೂರು ತರಗತಿಗಳಲ್ಲಿ

ಹತ್ತನೆಯ ತರಗತಿಯ ವಿಜ್ಞಾನ ಪಠ್ಯದ 'ಜೀವಕ್ರಿಯೆಗಳು' ಅಧ್ಯಾಯದಲ್ಲಿ ಹೃದಯದ ಭಾಗ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳೆಲ್ಲ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತಾರೆ. ನಾಲ್ಕು ಕೋಣೆಗಳ ಚಿತ್ರ, ಒಂದು ಪಕ್ಕಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ, ಹೃತ್ಕರ್ಣ, ಹೃತ್ಕುಕ್ಷಿ, ಇಮ್ಮಡಿ ಪರಿಚಲನೆ. ಅಲ್ಲಿಗೆ ಗಂಟೆ ಹೊಡೆಯುತ್ತದೆ. ಅದೇ ಅಧ್ಯಾಯದಲ್ಲಿ ರಕ್ತದೊತ್ತಡದ ಬಗ್ಗೆ ಒಂದು ಪುಟ್ಟ ಚೌಕಟ್ಟು ಇದೆ. ಸಂಕೋಚನ ಒತ್ತಡ ಸುಮಾರು 120, ವ್ಯಾಕೋಚನ ಒತ್ತಡ ಸುಮಾರು 80 ಮಿ.ಮೀ. ಪಾದರಸ, ಅಳೆಯುವ ಉಪಕರಣ ಸ್ಫಿಗ್ಮೋಮ್ಯಾನೋಮೀಟರ್. ಚೌಕಟ್ಟಿನೊಳಗಿನದು ಪರೀಕ್ಷೆಗೆ ಬರುವುದಿಲ್ಲವೆಂಬ ನಂಬಿಕೆಯಿಂದ ಅದನ್ನು 'ಮನೆಯಲ್ಲಿ ಓದಿಕೊಳ್ಳಿ' ಎಂದು ಬಿಡುವುದು ರೂಢಿ. ನಾನು ಪ್ರಶಿಕ್ಷಣಾರ್ಥಿಯಾಗಿದ್ದಾಗ ಮಾಡಿದ್ದೂ ಅದನ್ನೇ.

2025ರ ಜೂನ್–ಜುಲೈ ತಿಂಗಳಲ್ಲಿ ಪಕ್ಕದ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಬರತೊಡಗಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಜನ ಸಾಲುಗಟ್ಟಿದರು. ಅವರಲ್ಲಿ ಬಹುಪಾಲು ಮಂದಿಗೆ ಯಾವ ನೋವೂ ಇರಲಿಲ್ಲ, ಭಯವಿತ್ತು. ಸರ್ಕಾರ ರಚಿಸಿದ ತಜ್ಞರ ಸಮಿತಿ ಆ ಸಾವುಗಳನ್ನು ಪರಿಶೀಲಿಸಿ, ಮಧುಮೇಹ, ರಕ್ತದೊತ್ತಡ, ಧೂಮಪಾನದಂತಹ ಹಳೆಯ ಕಾರಣಗಳ ಕಡೆಗೇ ಬೆರಳು ತೋರಿಸಿತು. ಕೋವಿಡ್ ಲಸಿಕೆಯ ಮೇಲಿನ ಅನುಮಾನಕ್ಕೆ ಆಧಾರ ಸಿಗಲಿಲ್ಲ. ಆದರೆ ಅಷ್ಟರಲ್ಲಿ ನಮ್ಮ ಬೋಧನಾಭ್ಯಾಸದ ಶಾಲೆಗಳ ಮಕ್ಕಳ ಬಾಯಲ್ಲಿ ಇಸಿಜಿ, ಎಕೋ, ಟಿಎಂಟಿ ಎಂಬ ಮಾತುಗಳು ಓಡಾಡುತ್ತಿದ್ದವು. ಪಠ್ಯದಲ್ಲಿ ಇಲ್ಲದ ಪದಗಳು ಮಕ್ಕಳ ಮನೆಯಲ್ಲಿ ಇರುವಾಗ ಪಾಠ ಎಲ್ಲಿಂದ ಆರಂಭವಾಗಬೇಕು ಎಂಬುದಕ್ಕೆ ಬೇರೆ ಸಿದ್ಧಾಂತ ಬೇಕಿಲ್ಲ. ಆ ವರ್ಷದ ಬೋಧನಾಭ್ಯಾಸದಲ್ಲಿ ಹೃದಯದ ಪಾಠಕ್ಕೆ ಪೂರಕವಾಗಿ ಎರಡು ಅವಧಿಯ ಒಂದು ಪಾಠ ಸೇರಿಸೋಣ ಎಂದು ನಿಶ್ಚಯಿಸಿದೆವು. ಮಂಡ್ಯದ ಒಂದು ಪ್ರೌಢಶಾಲೆಯಲ್ಲಿ ಒಬ್ಬ, ಮದ್ದೂರಿನಲ್ಲಿ ಒಬ್ಬಾಕೆ, ಮಳವಳ್ಳಿಯಲ್ಲಿ ಇನ್ನೊಬ್ಬ ಪ್ರಶಿಕ್ಷಣಾರ್ಥಿ. ಮೂವರ ಪಾಠವನ್ನೂ ವೀಕ್ಷಿಸುವುದು ನನ್ನ ಪಾಲಿಗೆ ಬಂತು. ಆ ಮೂರು ತರಗತಿಗಳಲ್ಲಿ ನಡೆದದ್ದನ್ನು, ಮುಖ್ಯವಾಗಿ ನನ್ನ ವೀಕ್ಷಣಾ ಪುಸ್ತಕದ ಒಂದು ತಪ್ಪನ್ನು, ಇಲ್ಲಿ ಬರೆದಿದ್ದೇನೆ.

ಮಂಡ್ಯ: ಚೆಂದದ ಚಾರ್ಟು

ಮಂಡ್ಯದ ತರಗತಿಗೆ ಪ್ರಶಿಕ್ಷಣಾರ್ಥಿ ತಂದದ್ದು ಏಳು ಸಾಲು, ಮೂರು ಕಂಬಸಾಲಿನ ಒಂದು ದೊಡ್ಡ ಚಾರ್ಟು. ಪರೀಕ್ಷೆಯ ಹೆಸರು, ಉಪಯೋಗ, ಸಾಮಾನ್ಯ ಮೌಲ್ಯ. ರಕ್ತದೊತ್ತಡ, ರಕ್ತದ ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ, ಎಕೋ, ಟಿಎಂಟಿ, ಆಂಜಿಯೋಗ್ರಾಂ. ಅಕ್ಷರ ದುಂಡಗಿತ್ತು, ಹಿಂದಿನ ಬೆಂಚಿಗೂ ಕಾಣುತ್ತಿತ್ತು. ಮಕ್ಕಳು ಬರೆದುಕೊಂಡರು. ಕೊನೆಯ ಐದು ನಿಮಿಷದ ಪ್ರಶ್ನೆಗಳಿಗೆ ಎಲ್ಲರೂ ಉತ್ತರಿಸಿದರು. ಇಸಿಜಿ ಸಾಲಿನಲ್ಲಿ ಆತ ಬರೆದಿದ್ದ ವಾಕ್ಯ ಇದು: 'ಹೃದಯ ಆರೋಗ್ಯವಾಗಿದೆಯೇ ಇಲ್ಲವೇ ಎಂದು ತಿಳಿಸುತ್ತದೆ.' ನಾನು ವೀಕ್ಷಣಾ ಪುಸ್ತಕದಲ್ಲಿ 'ವಿಷಯ ಮಂಡನೆ ಸ್ಪಷ್ಟ, ಕಲಿಕೋಪಕರಣ ಉತ್ತಮ' ಎಂದು ಬರೆದು ಸಹಿ ಮಾಡಿದೆ. ಅಷ್ಟೇ ಅಲ್ಲ, ಉಳಿದಿಬ್ಬರಿಗೂ ಅದೇ ಚಾರ್ಟನ್ನು ಬಳಸಲು ಹೇಳಿದೆ.

ಪಾಠ ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ, 'ಇದ್ರಲ್ಲಿ ಯಾವ್ದು ಸಾ ದೊಡ್ಡ ಪರೀಕ್ಷೆ?' ಪ್ರಶಿಕ್ಷಣಾರ್ಥಿ ಆಂಜಿಯೋಗ್ರಾಂ ಎಂದ. ಹುಡುಗ ತಲೆಯಾಡಿಸಿ ಹೋದ. ಈ ಪ್ರಶ್ನೆ ನನ್ನನ್ನು ಆಗಲೇ ಎಚ್ಚರಿಸಬೇಕಿತ್ತು. ಶಾಲೆಯೊಳಗೆ 'ಪರೀಕ್ಷೆ' ಎಂಬ ಪದಕ್ಕೆ ಇರುವುದು ಒಂದೇ ಅರ್ಥ: ಪಾಸು, ಫೇಲು. ಕಿರುಪರೀಕ್ಷೆಗಿಂತ ವಾರ್ಷಿಕ ಪರೀಕ್ಷೆ ದೊಡ್ಡದು; ದೊಡ್ಡದರಲ್ಲಿ ಪಾಸಾದವನಿಗೆ ಚಿಕ್ಕದರ ಹಂಗಿಲ್ಲ. ವೈದ್ಯರ ಪರೀಕ್ಷೆ ಹಾಗಲ್ಲ. ಅಲ್ಲಿ ಪ್ರತಿಯೊಂದೂ ಬೇರೆ ಪ್ರಶ್ನೆ ಕೇಳುತ್ತದೆ. ಒಂದರ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ. ನಮ್ಮ ಚಾರ್ಟಿನಲ್ಲಿ ಇಲ್ಲದೇ ಇದ್ದದ್ದು ಇದೇ.

ಮದ್ದೂರು: ಒಂದು ಪ್ರಶ್ನೆ

ಎರಡು ದಿನ ಬಿಟ್ಟು ಮದ್ದೂರಿನಲ್ಲಿ ಅದೇ ಚಾರ್ಟು, ಅದೇ ಕ್ರಮ. ಇಸಿಜಿ ಸಾಲಿಗೆ ಬಂದಾಗ ಎರಡನೆಯ ಬೆಂಚಿನ ಹುಡುಗಿ ಎದ್ದು ನಿಂತಳು.

'ನಮ್ ದೊಡ್ಡಪ್ಪಂಗೆ ಎದೆ ಉರಿ ಅಂತ ಸಾಯಂಕಾಲ ಕರ್ಕೊಂಡೋಗಿದ್ರು ಮಿಸ್. ಇಸಿಜಿ ತಗುದು ನಾರ್ಮಲ್ ಅಂದಿದ್ರಲ್ಲ ಮಿಸ್. ಬೆಳಗಿನ್ ಜಾವಕ್ಕೆ ಹೋಗ್ಬುಟ್ರು. ಯಾಕ್ ಮಿಸ್?'

ತರಗತಿ ಸದ್ದಿಲ್ಲದೆ ಕೂತಿತು. ಪ್ರಶಿಕ್ಷಣಾರ್ಥಿ ಒಮ್ಮೆ ಚಾರ್ಟು ನೋಡಿದಳು, ಒಮ್ಮೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನನ್ನು ನೋಡಿದಳು. 'ಹಾಗಾಗೋದು ಅಪರೂಪ ಮರಿ, ಕೂತ್ಕೋ' ಎಂದು ಎಕೋಗೆ ಹೋದಳು. ಹುಡುಗಿ ಕೂತಳು. ನಾನೂ ಎದ್ದು ಏನೂ ಹೇಳಲಿಲ್ಲ. ವೀಕ್ಷಕರು ಪಾಠದ ನಡುವೆ ಬಾಯಿ ಹಾಕಬಾರದೆಂಬ ನಿಯಮ ಆ ಹೊತ್ತಿಗೆ ನನಗೆ ಬಹಳ ಅನುಕೂಲಕ್ಕೆ ಬಂತು.

ಸಂಜೆ ವಿಮರ್ಶೆಗೆ ಕೂತಾಗ ಪ್ರಶಿಕ್ಷಣಾರ್ಥಿ ಅತ್ತಳು. ಅವಳ ತಪ್ಪನ್ನು ಎತ್ತಿ ಹೇಳುವ ಮೊದಲು ನಾನು ನನ್ನದನ್ನು ಹೇಳಬೇಕಾಯಿತು. ಆ ವಾಕ್ಯವನ್ನು ಮಂಡ್ಯದಲ್ಲಿ 'ಸ್ಪಷ್ಟ' ಎಂದು ಒಪ್ಪಿದವನು ನಾನು. ವಾಕ್ಯ ಸ್ಪಷ್ಟವಾಗಿಯೇ ಇತ್ತು, ಆದರೆ ನಿಜವಾಗಿರಲಿಲ್ಲ. ನಮ್ಮ ವೀಕ್ಷಣಾ ನಮೂನೆಯಲ್ಲಿ ಧ್ವನಿ, ಕಪ್ಪುಹಲಗೆ, ಪುನರ್ಬಲನ ಎಲ್ಲಕ್ಕೂ ಅಂಕವಿದೆ. ಹೇಳಿದ ಮಾತು ಎಷ್ಟರಮಟ್ಟಿಗೆ ಸರಿ ಎಂಬುದು 'ವಿಷಯ ಜ್ಞಾನ' ಎಂಬ ಒಂದೇ ಅಂಕಣದಲ್ಲಿ ಮುದುರಿಕೊಂಡಿರುತ್ತದೆ.

ಮರುದಿನ ಪರಿಚಯದ ವೈದ್ಯರೊಬ್ಬರ ಬಳಿ ಮೂವರನ್ನೂ ಕರೆದುಕೊಂಡು ಹೋದೆ. ಅಲ್ಲಿ ತಿಳಿದುಕೊಂಡು, ಆಮೇಲೆ ಓದಿ, ನಾವು ಕಟ್ಟಿಕೊಂಡ ಉತ್ತರ ಹೀಗಿದೆ.

ಹೃದಯದ ಸ್ನಾಯುಗಳಲ್ಲಿ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ಚರ್ಮದ ಮೇಲಿಂದ ಹಿಡಿದು ಕಾಗದದ ಮೇಲೆ ಗೆರೆಯಾಗಿಸುವುದು ಇಸಿಜಿ. ಮಲಗಿರುವ ಮನುಷ್ಯನಿಂದ ಸುಮಾರು ಹತ್ತು ಸೆಕೆಂಡಿನ ದಾಖಲೆ. ಒಂದು ದಿನದಲ್ಲಿ 86,400 ಸೆಕೆಂಡುಗಳಿವೆ. ಆ ಹತ್ತು ಸೆಕೆಂಡಿನಲ್ಲಿ ಲಯ ತಪ್ಪಿದ್ದರೆ ಕಾಣುತ್ತದೆ. ಹಿಂದೆ ಆಗಿಹೋದ ಆಘಾತದ ಗುರುತು ಎಷ್ಟೋ ಸಲ ಕಾಣುತ್ತದೆ. ದೊಡ್ಡ ರಕ್ತನಾಳವೊಂದು ಆಗ ತಾನೇ ಪೂರ್ತಿ ಕಟ್ಟಿಕೊಂಡಿದ್ದರೆ ಸಾಮಾನ್ಯವಾಗಿ ಕಾಣುತ್ತದೆ. ಆದರೆ ಅರ್ಧ ಕಟ್ಟಿರುವ ನಾಳದಲ್ಲಿ, ಮಲಗಿರುವ ದೇಹಕ್ಕೆ ಬೇಕಾದಷ್ಟು ರಕ್ತ ಹರಿಯುತ್ತಲೇ ಇದ್ದರೆ ಗೆರೆಯಲ್ಲಿ ಏನೂ ಕಾಣದಿರಬಹುದು. ಆಘಾತದ ಮೊದಲ ಹೊತ್ತಿನಲ್ಲೂ ಗೆರೆ ಬದಲಾಗದೇ ಇರಬಹುದು. ಅದಕ್ಕಾಗಿಯೇ ಎದೆನೋವು ನಿಲ್ಲದಿದ್ದರೆ ಇಸಿಜಿಯನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮತ್ತೆ ತೆಗೆಯುತ್ತಾರೆ. ಜೊತೆಗೆ ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಹೃದಯದ ಸ್ನಾಯುಕೋಶಕ್ಕೆ ಪೆಟ್ಟು ಬಿದ್ದಾಗ ಅದರೊಳಗಿನ ಈ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಸೋರಿ ಅಳತೆಗೆ ಸಿಗಲು ಕೆಲವು ಗಂಟೆ ಬೇಕು. ಹಾಗಾಗಿ ಬಂದ ಕೂಡಲೇ ಒಮ್ಮೆ, ಆಮೇಲೆ ಇನ್ನೊಮ್ಮೆ ಅಳೆದು ಏರಿದೆಯೇ ಎಂದು ನೋಡುತ್ತಾರೆ.

ಅಂದರೆ 'ಇಸಿಜಿ ನಾರ್ಮಲ್' ಎಂಬುದು 'ಈ ಹೊತ್ತಿನಲ್ಲಿ, ಈ ಗೆರೆಯಲ್ಲಿ ತೊಂದರೆ ಕಾಣಲಿಲ್ಲ' ಎಂಬ ಮಾತು. 'ತೊಂದರೆ ಇಲ್ಲ' ಎಂಬ ಮಾತಲ್ಲ. ವಿಜ್ಞಾನ ಬೋಧಿಸುವ ನಮಗೆ ಇವೆರಡರ ವ್ಯತ್ಯಾಸ ಗೊತ್ತಿರಬೇಕು. ಬಾವಿಯಲ್ಲಿ ಇಣುಕಿದಾಗ ಹಾವು ಕಾಣಲಿಲ್ಲವೆಂದರೆ ಬಾವಿಯಲ್ಲಿ ಹಾವಿಲ್ಲ ಎಂದಾಗುವುದಿಲ್ಲ.

ಇಲ್ಲಿ ಇನ್ನೊಂದು ಅಪಾಯವಿತ್ತು, ಅದನ್ನು ಎತ್ತಿ ತೋರಿಸಿದವನು ಮಳವಳ್ಳಿಯ ಪ್ರಶಿಕ್ಷಣಾರ್ಥಿ. 'ಹೀಗೆ ಹೇಳಿದರೆ ಮಕ್ಕಳು ಮನೆಗೆ ಹೋಗಿ ಇಸಿಜಿ ದಂಡ ಅಂತಾರೆ ಸಾರ್' ಎಂದ. ಅವನು ಹೇಳಿದ್ದು ಸರಿ. ಎದೆನೋವು ಬಂದಾಗ ಮೊದಲು ತೆರೆಯಬೇಕಾದ ಬಾಗಿಲು ಇಸಿಜಿಯೇ. 2024ರಲ್ಲಿ ರಾಜ್ಯದಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಂತಿರುವುದೇ ಅದರ ಮೇಲೆ. 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ತೀರಿಕೊಂಡ ನಟನ ಹೆಸರು ಅದಕ್ಕೆ ಬಂದದ್ದು ಸಹಜ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂತಹ ದೊಡ್ಡ ಕೇಂದ್ರದ ತಜ್ಞರಿಗೆ ಕೂಡಲೇ ಹೋಗುತ್ತದೆ. ಅವರು ಹೃದಯಾಘಾತವೆಂದು ಹೇಳಿದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕಿನಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಹೆಪ್ಪು ಎಷ್ಟು ಬೇಗ ಕರಗಿದರೆ ಅಷ್ಟು ಸ್ನಾಯು ಉಳಿಯುತ್ತದೆ. ಆ ಚುಚ್ಚುಮದ್ದು ಕೊಡಬೇಕೋ ಬೇಡವೋ ಎಂಬುದನ್ನು ಹೇಳುವುದು ಆ ಗೆರೆಯೇ. ಹಾಗಾಗಿ ಪಾಠದಲ್ಲಿ ಎರಡು ಮಾತೂ ಒಟ್ಟಿಗೆ ಬರಬೇಕಿತ್ತು: ಇಸಿಜಿ ತಪ್ಪಿಸಬೇಡಿ, ಇಸಿಜಿ ಸರಿಯಿದ್ದೂ ನೋವು ಮುಂದುವರಿದರೆ ಮನೆಯಲ್ಲಿ ಕೂರಬೇಡಿ, ಮತ್ತೆ ಹೋಗಿ, 108ಕ್ಕೆ ಕರೆ ಮಾಡಿ.

ಪಂಪ್‌ಸೆಟ್ಟಿನ ಹೋಲಿಕೆ, ಅದು ಮುರಿಯುವ ಜಾಗ

ಚಾರ್ಟನ್ನು ಬದಿಗಿಟ್ಟು, ಪ್ರತಿ ಪರೀಕ್ಷೆಯೂ ಕೇಳುವ ಪ್ರಶ್ನೆ ಯಾವುದು ಎಂಬುದರ ಮೇಲೆ ಪಾಠವನ್ನು ಮತ್ತೆ ಕಟ್ಟಿದೆವು. ಹೋಲಿಕೆ ಕೊಟ್ಟದ್ದು ಮಳವಳ್ಳಿಯ ಪ್ರಶಿಕ್ಷಣಾರ್ಥಿಯೇ. ಅವನ ಮನೆಯಲ್ಲಿ ಕಬ್ಬು, ಬಾವಿ, ಪಂಪ್‌ಸೆಟ್ಟು ಇವೆ. ನೀರು ಬರದಿದ್ದಾಗ ಅವನ ಅಪ್ಪ ಏನೇನು ನೋಡುತ್ತಾರೆ ಎಂದು ಸಾಲಾಗಿ ಹೇಳಿದ. ಸ್ಟಾರ್ಟರ್ ಡಬ್ಬದ ಮೀಟರಿನಲ್ಲಿ ಕರೆಂಟು ಸರಿಯಾಗಿ ಎಳೆಯುತ್ತಿದೆಯೇ? ಅದು ಇಸಿಜಿ. ಪಂಪಿನೊಳಗಿನ ಚಕ್ರ ಸವೆದಿದೆಯೇ, ಫುಟ್‌ವಾಲ್ವು ನೀರು ಹಿಂದಕ್ಕೆ ಬಿಡುತ್ತಿದೆಯೇ? ಅದು ಎಕೋ. ಪೈಪಿನಲ್ಲಿ ಒತ್ತಡ ಎಷ್ಟಿದೆ? ಅದು ಬಿಪಿ. ಹತ್ತಿರದ ಮಡಿಗೆ ನೀರು ಬರುತ್ತದೆ, ಎತ್ತರದ ಗದ್ದೆಗೆ ಏರಿಸಿದರೆ ಮೋಟರು ಏದುತ್ತದೆಯೇ? ಅದು ಟಿಎಂಟಿ. ಪೈಪಿನೊಳಗೆ ಎಲ್ಲಿ ಕಟ್ಟಿದೆ ಎಂದು ನೇರ ನೋಡುವುದು ಆಂಜಿಯೋಗ್ರಾಂ. ನೀರಿನಲ್ಲಿ ಹೂಳು ಎಷ್ಟು ಬರುತ್ತಿದೆ ಎಂಬುದು ಕೊಲೆಸ್ಟ್ರಾಲು, ಸಕ್ಕರೆಯ ರಕ್ತಪರೀಕ್ಷೆ. ಬರುವ ನೀರಿನಲ್ಲಿ ಪಂಪಿನದೇ ಹಿತ್ತಾಳೆ ಚೂರು ಸಿಕ್ಕಿದರೆ? ಟ್ರೋಪೋನಿನ್. ಈ ಕೊನೆಯದಕ್ಕೆ ನಾನು ಎದ್ದು ನಿಂತು ಕೈ ಕುಲುಕಿದೆ.

ಮೀಟರು ಸರಿಯಾಗಿದ್ದೂ ಪೈಪು ಕಟ್ಟಿರಬಹುದು ಎಂಬುದು ನಮ್ಮ ಕಡೆಯ ಯಾವ ಮಗುವಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಮದ್ದೂರಿನ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ.

ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಹೇಳದೆ ಬಿಟ್ಟರೆ ಅದೂ ಇನ್ನೊಂದು ಚಾರ್ಟೇ ಆಗುತ್ತದೆ. ಪಂಪಿಗೆ ಶಕ್ತಿ ಕಂಬದಿಂದ ಬರುತ್ತದೆ, ತಾನು ಎತ್ತುವ ನೀರಿನಿಂದಲ್ಲ. ಹೃದಯಕ್ಕೆ ಕಂಬವಿಲ್ಲ, ಬಡಿತದ ವಿದ್ಯುತ್ತು ಅದರೊಳಗೇ ಹುಟ್ಟುತ್ತದೆ. ಅದರ ಸ್ನಾಯುವಿಗೆ ಆಹಾರ, ಆಮ್ಲಜನಕ ಬರುವುದು ಅದೇ ಎತ್ತಿ ಕಳಿಸುವ ರಕ್ತದಿಂದ. ಇಲ್ಲಿ ಮಕ್ಕಳು ಮಾತ್ರವಲ್ಲ, ಪ್ರಶಿಕ್ಷಣಾರ್ಥಿಗಳೂ ಎಡವುತ್ತಾರೆ: ಹೃದಯದ ಕೋಣೆಗಳಲ್ಲಿ ಸದಾ ರಕ್ತ ತುಂಬಿರುವಾಗ ಅದಕ್ಕೆ ರಕ್ತದ ಕೊರತೆ ಹೇಗೆ? ಕೋಣೆಯೊಳಗಿನ ರಕ್ತ ಆ ದಪ್ಪ ಗೋಡೆಗೆ ಇಳಿಯುವುದಿಲ್ಲ. ಮಹಾಪಧಮನಿಯ ಬುಡದಲ್ಲೇ ಕವಲೊಡೆಯುವ ಕರೋನರಿ ಅಪಧಮನಿಗಳು ಹೃದಯದ ಮೈಮೇಲೆ ಹರಡಿ ಹೊರಗಿನಿಂದ ಒಳಕ್ಕೆ ಉಣಿಸುತ್ತವೆ. ಬ್ಲಾಕು ಎಂದು ಜನ ಹೇಳುವುದು ಇವುಗಳೊಳಗಿನ ಅಡ್ಡಿಯನ್ನು. ಪಠ್ಯದ ನಾಲ್ಕು ಕೋಣೆಯ ಚಿತ್ರದಲ್ಲಿ ಈ ನಾಳಗಳು ಇಲ್ಲ. ಹೃದಯಾಘಾತವನ್ನು ವಿವರಿಸಲು ಬೇಕಾದ ಭಾಗವೇ ಚಿತ್ರದಲ್ಲಿಲ್ಲವೆಂದು ನನಗೂ ಹೊಳೆದದ್ದು ಆಗಲೇ. ಇನ್ನು, ಪಂಪನ್ನು ನಿಲ್ಲಿಸಿ ರಿಪೇರಿ ಮಾಡಬಹುದು. ನಿಮಿಷಕ್ಕೆ 72ರಂತೆ ದಿನಕ್ಕೆ 1,03,680 ಸಲ ಬಡಿಯುವುದಕ್ಕೆ ಆ ಬಿಡುವಿಲ್ಲ.

ಮಳವಳ್ಳಿ: ನಾಡಿ, ಗ್ರಾಫ್ ಹಾಳೆ, ಕಾಗದದ ಕೊಳವೆ

ಮಳವಳ್ಳಿಯಲ್ಲಿ ಪಾಠವನ್ನು ನಾವಿಬ್ಬರೂ ಹಂಚಿಕೊಂಡೆವು. ಮೊದಲು ನಾಡಿ. ಹೆಬ್ಬೆರಳಲ್ಲಿ ಹಿಡಿಯಬಾರದು, ಹೆಬ್ಬೆರಳಿಗೆ ತನ್ನದೇ ಮಿಡಿತವಿದೆ. ತೋರು ಮತ್ತು ನಡುಬೆರಳಿಂದ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸುವುದು. ಕೂತಾಗ ಒಮ್ಮೆ, ಒಂದು ನಿಮಿಷ ಬಸ್ಕಿ ಹೊಡೆದ ಮೇಲೆ ಒಮ್ಮೆ. ಜ್ವರ, ಉಬ್ಬಸ, ಹೃದಯದ ತೊಂದರೆ ಇರುವ ಮಕ್ಕಳು ಇದ್ದಾರೆಯೇ ಎಂದು ತರಗತಿ ಶಿಕ್ಷಕರನ್ನು ಹಿಂದಿನ ದಿನವೇ ಕೇಳಿಕೊಂಡಿದ್ದೆವು. ಅಂಥವರಿಗೆ ಗಡಿಯಾರ ನೋಡುವ ಕೆಲಸ, ಕಾರಣ ಹೇಳದೆ. ಇದನ್ನು ಪಾಠಯೋಜನೆಯಲ್ಲಿಯೇ ಬರೆಯುವುದು ಒಳ್ಳೆಯದು. ಅಂಕಿಗಳನ್ನು ಹಲಗೆಯ ಮೇಲೆ ಹೆಸರಿಲ್ಲದೆ ಬರೆದೆವು. ಇಲ್ಲದಿದ್ದರೆ 96 ಬಂದ ಹುಡುಗನನ್ನು ಇಡೀ ವಾರ 'ಹಾರ್ಟ್ ಪೇಷೆಂಟು' ಎಂದು ಕರೆಯುತ್ತಾರೆ.

ಬಸ್ಕಿಯ ಅಂಕಿಗಳಿಂದ ಟಿಎಂಟಿಗೆ ಹೋಗುವುದು ಸುಲಭವಾಯಿತು. ಓಡುವ ಪಟ್ಟಿಯ ಮೇಲೆ ನಡೆಸುತ್ತಾ, ಮೂರು ಮೂರು ನಿಮಿಷಕ್ಕೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತಾ ಇಸಿಜಿ ನೋಡುವುದು. ಗುರಿಯನ್ನು 220ರಿಂದ ವಯಸ್ಸು ಕಳೆದು, ಅದರ ಶೇಕಡಾ 85ಕ್ಕೆ ಇಡುತ್ತಾರೆ. 50 ವರ್ಷದವರಿಗೆ 170ರ ಶೇ. 85, ಅಂದರೆ ಸುಮಾರು 145. ಮಕ್ಕಳು ತಮ್ಮ ಅಪ್ಪ, ಅಮ್ಮನ ವಯಸ್ಸಿಗೆ ಲೆಕ್ಕ ಹಾಕಿದರು.

ಇಸಿಜಿಗೆ ನಾವು ಬಳಸಿದ್ದು ಗಣಿತದ ಗ್ರಾಫ್ ಹಾಳೆ. ಇಸಿಜಿ ಕಾಗದ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿ.ಮೀ. ಓಡುತ್ತದೆ, ಒಂದು ಸಣ್ಣ ಚೌಕಕ್ಕೆ 0.04 ಸೆಕೆಂಡು. ನಿಮಿಷಕ್ಕೆ 1,500 ಸಣ್ಣ ಚೌಕ. ಎರಡು ಶಿಖರಗಳ ನಡುವಿನ ಚೌಕಗಳಿಂದ 1,500ನ್ನು ಭಾಗಿಸಿದರೆ ಬಡಿತದ ದರ. ಪ್ರಶಿಕ್ಷಣಾರ್ಥಿ ಮೂರು ಪಟ್ಟಿ ಬರೆದು ತಂದಿದ್ದ: ಅಂತರ 20, 15, 30. ಉತ್ತರ 75, 100, 50. (ಇಸಿಜಿಯಲ್ಲಿ ದಪ್ಪ ಗೆರೆ ಐದು ಮಿ.ಮೀ.ಗೆ ಒಂದು, ನಮ್ಮ ಗ್ರಾಫ್ ಹಾಳೆಯಲ್ಲಿ ಹತ್ತಕ್ಕೆ. ಮೊದಲೇ ಹೇಳದಿದ್ದರೆ ಗೊಂದಲವಾಗುತ್ತದೆ.) 50 ಬಂದಾಗ ಒಬ್ಬ 'ಇವ್ನು ಉಳಿಯಾಕಿಲ್ಲ ಸಾ' ಎಂದ. ದಿನವೂ ಓಡುವ ಕ್ರೀಡಾಪಟುವಿಗೆ ವಿಶ್ರಾಂತಿಯಲ್ಲಿ 50 ಸಹಜವಾಗಿರಬಹುದು, ತಲೆಸುತ್ತಿ ಬೀಳುವ ಅಜ್ಜನಿಗೆ ಅದೇ 50 ತೊಂದರೆಯ ಸೂಚನೆಯಾಗಬಹುದು ಎಂದಾಗ ತರಗತಿ ಸ್ವಲ್ಪ ಯೋಚಿಸಿತು.

ಇಸಿಜಿ ಯಂತ್ರ ರೂಪಿಸಿದ ಡಚ್ ವಿಜ್ಞಾನಿ ಐಂಥೋವನ್ ಕಥೆಯನ್ನೂ ಹೇಳಿದೆ. ಅವನ ಮೊದಲ ಯಂತ್ರದ ತೂಕ ಸುಮಾರು 270 ಕಿಲೋ, ನಡೆಸಲು ಐದು ಜನ. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟುಕೊಂಡು ಕೂರಬೇಕಿತ್ತು. 1924ರಲ್ಲಿ ನೊಬೆಲ್ ಬಂತು. ಸರಿಯಾಗಿ ನೂರು ವರ್ಷಕ್ಕೆ ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ದೂರದ ತಜ್ಞರ ಕೈಗೆ ನಿಮಿಷಗಳಲ್ಲಿ ಹೋಗುವ ಯೋಜನೆ ಬಂತು.

ಸ್ಟೆತಸ್ಕೋಪಿನ ಕಥೆ ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್, ಯುವತಿಯೊಬ್ಬಳ ಎದೆಗೆ ಕಿವಿ ಇಡುವುದು ಸಂಕೋಚವೆನಿಸಿ ಕಾಗದವನ್ನು ಸುರುಳಿ ಸುತ್ತಿ ಅದರ ಮೂಲಕ ಕೇಳಿದ. ಗಂಡು ಹೆಣ್ಣು ಮಕ್ಕಳು ಒಟ್ಟಿಗೆ ಕೂರುವ ನಮ್ಮ ತರಗತಿಯ ತೊಂದರೆಯೂ ಅದೇ ತಾನೆ? ಹುಡುಗರು ಹುಡುಗರ ಜೊತೆ, ಹುಡುಗಿಯರು ಹುಡುಗಿಯರ ಜೊತೆ, ಹಳೆಯ ದಿನಪತ್ರಿಕೆಯ ಕೊಳವೆ ಮಾಡಿ ಅಂಗಿಯ ಮೇಲಿಂದಲೇ ಕೇಳಿದರು. ಲಬ್, ಡಬ್ ಎಂದು ಎರಡು ವರ್ಷದಿಂದ ಬಾಯಿಪಾಠ ಹೇಳುತ್ತಿದ್ದವರು ಮೊದಲ ಸಲ ಅದನ್ನು ಕೇಳಿಸಿಕೊಂಡರು. ಹತ್ತು ನಿಮಿಷಕ್ಕೆಂದು ಇಟ್ಟದ್ದು ಇಪ್ಪತ್ತು ನಿಮಿಷ ಹಿಡಿಯಿತು, ನಾವು ತಡೆಯಲಿಲ್ಲ.

ಎಕೋಗೆ ಉಳಿದದ್ದು ಐದೇ ನಿಮಿಷ. ಆದರೂ ಒಂದು ಮಾತು ಹೇಳಲೇಬೇಕು. ಎಕೋ ವರದಿಯಲ್ಲಿ ಇಜೆಕ್ಷನ್ ಫ್ರಾಕ್ಷನ್ ಎಂಬ ಅಂಕಿ ಇರುತ್ತದೆ. ಎಡ ಹೃತ್ಕುಕ್ಷಿ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಒಂದು ಬಡಿತಕ್ಕೆ ಹೊರಗೆ ಕಳಿಸುತ್ತದೆ ಎಂಬ ಲೆಕ್ಕ. ಅದನ್ನು ಹಲಗೆಯ ಮೇಲೆ 60 ಎಂದು ಬರೆದಾಗ ಒಬ್ಬಳು 'ಬರೀ ಫಸ್ಟ್ ಕ್ಲಾಸಾ?' ಎಂದಳು. ಇನ್ನೊಬ್ಬ, ತನ್ನ ಅಜ್ಜಿಗೆ 60 ಬಂದಾಗ 'ನಲವತ್ತು ಪರ್ಸೆಂಟ್ ಹೋಗ್ಬುಟ್ಟಿದೆ' ಎಂದು ಮನೆಯಲ್ಲಿ ಅತ್ತರೆಂದ. ಆರೋಗ್ಯವಂತ ಹೃದಯದಲ್ಲೂ ಇದು ಸುಮಾರು 55ರಿಂದ 70. ನೂರು ಯಾರಿಗೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಶಾಲೆ ಕಲಿಸಿದ ಅಂಕದ ಭಾಷೆ ಮನೆಯೊಳಗೆ ಹೀಗೆ ಅಳಿಸುತ್ತದೆ.

ಕೊನೆಗೆ ಬಂತು ನಾನು ಕಾದಿದ್ದ ಪ್ರಶ್ನೆ: 'ಎಲ್ಲಾ ಟೆಸ್ಟೂ ಒಂದೇ ಸಲಕ್ಕೆ ಮಾಡುಸ್ಬುಟ್ರೆ ಆಯ್ತದಲ್ವಾ ಸಾ?' ಜಯದೇವದ ಮುಂದೆ ಸಾಲು ನಿಂತವರ ಪ್ರಶ್ನೆಯೂ ಇದೇ. ಲಕ್ಷಣವೇ ಇಲ್ಲದ, ಅಪಾಯ ಕಡಿಮೆಯಿರುವ ವ್ಯಕ್ತಿಗೆ ಟಿಎಂಟಿ ಮಾಡಿದರೆ ಇಲ್ಲದ ತೊಂದರೆಯನ್ನು ಇದೆಯೆಂದು ತೋರಿಸುವ ಸಾಧ್ಯತೆ ಇದೆ. ಅದರ ಬೆನ್ನು ಹತ್ತಿ ಆಂಜಿಯೋಗ್ರಾಂಗೆ ಹೋದರೆ, ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ಕೊಳವೆ ತೂರಿಸುವುದರಲ್ಲಿ ಸಣ್ಣದಾದರೂ ಒಂದು ಅಪಾಯವಿದೆ. ಇತ್ತ ಟಿಎಂಟಿ ಪಾಸಾದವನಿಗೂ ಖಾತರಿಯಿಲ್ಲ: ನಾಳವನ್ನು ಅರ್ಧಕ್ಕಿಂತ ಕಡಿಮೆ ಕಿರಿದಾಗಿಸಿರುವ ಕೊಬ್ಬಿನ ಪದರವೂ ಒಂದು ದಿನ ಬಿರುಕು ಬಿಟ್ಟು, ಅದರ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಹೀಗಾಗಿ 30 ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಾಡುವ ಬಿಪಿ, ಸಕ್ಕರೆಯ ತಪಾಸಣೆಯೇ ಹೆಚ್ಚು ಜನಕ್ಕೆ ಹೆಚ್ಚು ಪ್ರಯೋಜನದ್ದು. ಬಿಪಿಯನ್ನೂ ಸರಿಯಾಗಿ ಅಳೆಯಬೇಕು: ಅರ್ಧ ಗಂಟೆ ಮೊದಲು ಕಾಫಿ, ಬೀಡಿ ಇಲ್ಲ, ಐದು ನಿಮಿಷ ಸುಮ್ಮನೆ ಕೂತು, ಪಾದ ನೆಲಕ್ಕೂರಿ, ತೋಳು ಹೃದಯದ ಮಟ್ಟಕ್ಕೆ. ಬಸ್ಸಿಳಿದು ಓಡಿಬಂದು ಅಳೆಸಿಕೊಂಡ ಒಂದು ಸಲದ 150 ಯಾವ ತೀರ್ಮಾನಕ್ಕೂ ಸಾಲದು, ಮತ್ತೊಂದು ದಿನ ಅಳೆಯಬೇಕು.

ಮೌಲ್ಯಮಾಪನದಲ್ಲಿ 'ಹೊಂದಿಸಿ ಬರೆಯಿರಿ' ಕೈಬಿಟ್ಟು ಸನ್ನಿವೇಶ ಕೊಟ್ಟೆವು. ಅದರಲ್ಲೊಂದು: 'ಬೆಳಿಗ್ಗೆ ಗದ್ದೆ ಬದುವಿನ ಮೇಲೆ ನಡೆದಾಗ ಮಾತ್ರ ಎದೆ ಹಿಡಿಯುತ್ತದೆ, ಕೂತರೆ ಹೋಗುತ್ತದೆ. ಇಸಿಜಿ ಸರಿಯಿದೆ. ವೈದ್ಯರು ಮುಂದೆ ಯಾವ ಪ್ರಶ್ನೆ ಕೇಳಬಹುದು?' ಸುಮಾರು ಅರ್ಧ ತರಗತಿ 'ಕೆಲಸದ ಹೊತ್ತಲ್ಲಿ ರಕ್ತ ಸಾಲುತ್ತಿದೆಯೇ' ಎಂಬ ಅರ್ಥದಲ್ಲಿ ಬರೆಯಿತು. ಉಳಿದವರಲ್ಲಿ ಹಲವರು ನೇರ 'ಆಂಜಿಯೋಗ್ರಾಂ' ಎಂದರು. 'ದೊಡ್ಡ ಪರೀಕ್ಷೆ' ಇನ್ನೂ ಹೋಗಿರಲಿಲ್ಲ. ಮರುದಿನ ಮೂವರು ಮಕ್ಕಳು ಮನೆಯಿಂದ ವರದಿಗಳ ಕವರು ಹಿಡಿದುಕೊಂಡು ಬಂದರು, ಓದಿ ಹೇಳಿ ಎಂದು. ಇದಕ್ಕೆ ಪ್ರಶಿಕ್ಷಣಾರ್ಥಿಗಳು ಮೊದಲೇ ಸಿದ್ಧರಿರಬೇಕು. ಪದದ ಅರ್ಥ ಹೇಳಬಹುದು, ವರದಿಯ ಅರ್ಥ ಹೇಳಬಾರದು.

ಮತ್ತೆ ಮದ್ದೂರು

ಮದ್ದೂರಿನ ಪ್ರಶಿಕ್ಷಣಾರ್ಥಿ ಅದೇ ತರಗತಿಗೆ ಮತ್ತೆ ಹೋಗಲು ಹಿಂಜರಿದಳು. ನಾನು ಒತ್ತಾಯಿಸಲಿಲ್ಲ, ಜೊತೆಗೆ ಬರುತ್ತೇನೆಂದೆ. ಎರಡನೆಯ ಪಾಠವನ್ನು ಅವಳು ಆರಂಭಿಸಿದ್ದು ಹೀಗೆ: 'ಹೋದ ಸಲ ಒಂದು ಪ್ರಶ್ನೆ ಬಂತು. ನನಗೆ ಉತ್ತರ ಗೊತ್ತಿರಲಿಲ್ಲ, ಕೂತ್ಕೋ ಅಂದ್ಬಿಟ್ಟೆ. ತಿಳ್ಕೊಂಡು ಬಂದಿದೀನಿ.' ಯಾರ ಪ್ರಶ್ನೆ ಎಂದು ಹೇಳಲಿಲ್ಲ, ಆ ಬೆಂಚಿನ ಕಡೆ ನೋಡಲೂ ಇಲ್ಲ. ಹಳೆಯ ಚಾರ್ಟನ್ನೇ ನೇತುಹಾಕಿ ಇಸಿಜಿ ಸಾಲಿನ ವಾಕ್ಯವನ್ನು ಮಕ್ಕಳೆದುರೇ ಹೊಡೆದುಹಾಕಿ ಹೊಸದು ಬರೆದಳು.

ಪಾಠ ಮುಗಿದ ಮೇಲೆ ಹುಡುಗಿ ಜಗಲಿಗೆ ಬಂದಳು. 'ಹಂಗಾರೆ ಡಾಕ್ಟ್ರು ಸುಳ್ಳು ಹೇಳ್ನಿಲ್ವಾ ಮಿಸ್?'

'ಅವತ್ತು ಏನಾಯ್ತು ಅಂತ ನಮಗೆ ಗೊತ್ತಾಗಲ್ಲ ಮರಿ. ಗೆರೆಯಲ್ಲಿ ಆಗ ಏನೂ ಕಾಣದೇ ಇದ್ದಿರಬಹುದು.'

ಅವಳು ಹೋಗಲಿಲ್ಲ. ಕಂಬದ ಸುಣ್ಣ ಕೆರೆಯುತ್ತಾ ನಿಂತಳು. ಆಮೇಲೆ ಹೇಳಿದಳು, 'ರಾತ್ರಿ ಗ್ಯಾಸು ಅಂತ ಅಂದಿದ್ಕೆ ನಾನೇ ಅಂಗಡಿಗೋಗಿ ಸೋಡಾ ತಂದ್ಕೊಟ್ಟೆ ಮಿಸ್. ಅದ್ನ ಕುಡುದೇ ಹಂಗಾಯ್ತಾ?'

ಇದು ನಮ್ಮ ಯಾವ ಪಾಠಯೋಜನೆಯಲ್ಲೂ ಇರಲಿಲ್ಲ. ಪ್ರಶಿಕ್ಷಣಾರ್ಥಿ ಈ ಸಲ ನನ್ನ ಕಡೆ ನೋಡಲಿಲ್ಲ. ಮೆಟ್ಟಿಲ ಮೇಲೆ ಕೂತು ಅವಳನ್ನೂ ಪಕ್ಕಕ್ಕೆ ಕೂರಿಸಿಕೊಂಡು, ನೋಟ್‌ಬುಕ್ಕಿನ ಹಿಂಬದಿಯಲ್ಲಿ ಹೃದಯ ಬರೆದು, ಅದರ ಮೈಮೇಲೆ ಎರಡು ನಾಳ ಎಳೆದಳು. ಸೋಡಾ ಹೋಗುವ ಹೊಟ್ಟೆಯನ್ನು ಕೆಳಗೆ ಬೇರೆಯಾಗಿ ಬರೆದಳು. 'ಇದು ಇಲ್ಲಿಗೆ ಹೋಗುತ್ತೆ. ಅದು ಅಲ್ಲಿ ಕಟ್ಟಿಕೊಂಡಿದ್ದು. ಎಷ್ಟೋ ದಿನದಿಂದ ಕಟ್ಟಿಕೊಂಡು ಬಂದಿರುತ್ತೆ. ನೀನು ತಂದ ಸೋಡಾದಿಂದ ಅಲ್ಲ.'

ಹುಡುಗಿ ಆ ಹಾಳೆಯನ್ನು ಹರಿದುಕೊಡಿ ಎಂದು ಕೇಳಿ, ಮಡಿಸಿ ಇಟ್ಟುಕೊಂಡಳು. ಮುಂದಿನ ಅವಧಿಯ ಗಂಟೆ ಹೊಡೆಯಿತು. ಆ ಶಾಲೆಯಲ್ಲಿ ಎಕೋ ಭಾಗ ಇನ್ನೂ ಬಾಕಿ ಇದೆ.